ಹುಬ್ಬಳ್ಳಿ-ಧಾರವಾಡದಾಗ ಮನಿ ಮಾರೋದು: ಏಜೆಂಟ್ ಯಾಕ ಬೇಕು, ಹ್ಯಾಂಗ ಹಿಡೀಬೇಕು

ಮೊದ್ಲ ಹೇಳಿಬಿಡ್ತೀನಿ, ನಾ ಏಜೆಂಟ್ ಅಲ್ಲ, ನಮ್ಮ ಮಂದ್ಯಾಗ ಯಾರೂ ಏಜೆಂಟ್ ಇಲ್ಲ. ಕೇಶ್ವಾಪುರ ಕಡೆ ಇದ್ದ ನಮ್ಮ ಅಪ್ಪನ ಮನಿ ಮಾರಾಕ ಎಂಟು ತಿಂಗಳು ನಾನ ಒದ್ದಾಡಿ, ಸಾಕಾಗಿ ಆಮ್ಯಾಲೆ ಒಬ್ಬ ಏಜೆಂಟ್ ಕೈಯಾಗ ಕೊಟ್ಟು ಹತ್ತು ವಾರದಾಗ ಮುಗಿಸಿದಾವ ಅಷ್ಟ. ಈಗ ಗೆಳ್ಯಾರು, ಸಂಬಂಧಿಕರು ಮನಿ ಮಾರೋ ವಿಚಾರ ಬಂದ್ರ ನನಗ ಫೋನ್ ಮಾಡ್ತಾರ, ಎಲ್ಲಾರಿಗೂ ಅದನ್ನ ಹೇಳಿ ಹೇಳಿ ಬಾಯಿ ನೋವು ಬಂದು ಇದನ್ನ ಬರ್ಯಾಕತ್ತೀನಿ.

ದಲಾಲ ಅಂದ್ರ ನಮ್ಮ ಕಡೆ ಮಂದಿಗೆ ಒಂಥರಾ ಸಿಟ್ಟು ಇದ್ದ ಇರ್ತೈತಿ, ಪುಕ್ಕಟೆ ನಡು ಕುಂತು ತಿಂತಾನ ಅಂತ. ನನಗೂ ಇತ್ತು. 1 ಪರ್ಸೆಂಟ್ ಅಂದ್ರೂ ಮುಕ್ಕಾಲು ಲಕ್ಷ ಹತ್ರ ಆಕ್ಕೈತಿ, ಅದನ್ನ ಯಾವನಿಗೋ ಯಾಕ ಕೊಡ್ಬೇಕು, ನಮ್ಮ ಮನಿ ನಾವ ಮಾರೋಣು ಅಂತ ಗೇಟಿಗೆ ಬೋರ್ಡ್ ಬರಸಿ ಹಾಕಿದೆ, ಕೆಳಗ ನನ್ನ ಮೊಬೈಲ್ ನಂಬರ್. ಅಲ್ಲಿಂದ ಶುರು ಆತ್ ನೋಡ್ರಿ. ಫೋನ್ ಮಾಡಿದವ್ರಾಗ ಅರ್ಧಕ್ಕಿಂತ ಹೆಚ್ಚು ಏಜೆಂಟ್ರ. ಉಳದವ್ರಾಗ ಹೆಚ್ಚಿನವ್ರು ಐತವಾರ ಮುಂಜಾನೆ ನಾಷ್ಟಾ ಮುಗಿಸಿ ಟೈಂಪಾಸಿಗೆ ಬರಾವ್ರು, ಚಾ ಕುಡದು, ಅಟ್ಟದ ತನಕ ಹತ್ತಿ ನೋಡಿ, ರೇಟ್ ಕೇಳಿ, ಮನ್ಯಾಗ ಕೇಳಿ ಹೇಳ್ತೀವ್ರಿ ಅಂತ ಹೋದವ್ರು ಹೊಳ್ಳಿ ಬಂದಿಲ್ಲ. ಇದರಕಿಂತ ತ್ರಾಸ ಅಂದ್ರ ಓಣಿ ಮಂದಿ. ಬೋರ್ಡ್ ನೋಡಿ ಒಬ್ಬೊಬ್ಬರಾಗಿ ಬಂದು, ಏನಪಾ ಮನಿ ಮಾರಾಕತ್ತೀರಿ, ರೊಕ್ಕದ್ದು ಏನರ ಅಡಚಣಿ ಐತೇನು ಅಂತ ಕೇಳೋದು. ಆ ಮಾತು ಊರೆಲ್ಲಾ ತಿರಗಿ ಗಿರಾಕಿ ಕಿವಿಗೂ ಬೀಳ್ತೈತಿ. ಅಡಚಣ್ಯಾಗ ಅದಾರ ಅಂತ ಅವನ ತಲ್ಯಾಗ ಬಂತಂದ್ರ ಮುಗೀತು, ಅವ ಕೇಳೋ ರೇಟ್ 10 ಲಕ್ಷ ಕೆಳಗಿಂದನ ಚಾಲೂ ಆಕ್ಕೈತಿ.

ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಒಯ್ದ ರೈತ ಅಡತಿ ಅಂಗಡಿಗೆ (ದಲಾಲಿ ತಗೊಂಡು ಮಾಲ ಮಾರಿಕೊಡಾವ್ರಿಗೆ) ಹಾಕ್ತಾನ ಹೊರ್ತು ಒಬ್ಬೊಬ್ಬ ಖರೀದಿದಾರನ ಬೆನ್ನ ಹಿಂದ ಚೀಲ ಹೊತ್ತು ತಿರಗಾಡೂದಿಲ್ಲ. ಮನಿ ವಿಷಯಕ್ಕ ಮಾತ್ರ ನಾವೆಲ್ಲಾ ಶಾಣ್ಯಾ ಆಗಾಕ ಹೋಗ್ತೀವಿ. ಫರಕ್ ಇಷ್ಟ, ಮಾರ್ಕೆಟ್ನ್ಯಾಗ ಅಡತಿಗೆ ಲೈಸನ್ಸ್ ಇರ್ತೈತಿ, ಲೆಕ್ಕ ಇರ್ತೈತಿ. ಮನಿ ಏಜೆಂಟ್ ಹತ್ರ ಆ ಲೆಕ್ಕ ನಾವ ಬರಸ್ಕೋಬೇಕು. ಅದನ್ನ ಮುಂದ ಹೇಳ್ತೀನಿ.

ಏಜೆಂಟ್‌ನಿಂದ ನಿಮಗ ಆಗೋ ಮೊದಲನೇ ಲಾಭ, ಖರೆ ರೇಟ್ ಗೊತ್ತಾಗೋದು. ನಮ್ಮ ತಲ್ಯಾಗ 85 ಲಕ್ಷ ಇತ್ತು. ಯಾಕ ಇತ್ತು? ಅಪ್ಪನ ಜೋಡಿ ಕೆಲಸ ಮಾಡ್ತಿದ್ದ ಕಾಕಾ ಒಬ್ರು ತಮ್ಮ ಮನಿ ಅಷ್ಟಕ್ಕ ಹೋತು ಅಂತ ಮದವ್ಯಾಗ ಹೇಳಿದ್ರು. ಅವ್ರದು ಕಾರ್ನರ್ ಪ್ಲಾಟ್, ಎರಡೂ ಕಡೆ ರೋಡ್, ಮ್ಯಾಲೆ ಬಾಡಿಗಿ ಮನಿ. ನಮ್ಮದು 30-40, 30 ವರ್ಷದ ಹಳೇ ಕಟ್ಟಡ, ಸಂದ್ಯಾಗ ಕಾರ್ ತಿರಗಂಗಿಲ್ಲ. ಏಜೆಂಟ್ ಬಂದವ ಎದುರಿಗೆ ಕುಂತು ಒಂದ್ ಹಾಳಿ ಮ್ಯಾಲೆ ಜಾಗಾದ ಕಿಮ್ಮತ್ತು ಬ್ಯಾರೆ, ಕಟ್ಟಡದ ಕಿಮ್ಮತ್ತು ಬ್ಯಾರೆ ಬರದ. ಹಿಂದಿನ ವರ್ಷ ಅದ ಏರಿಯಾದಾಗ ಖರೇನ ರಜಿಸ್ಟರ್ ಆದ ಮೂರು ಮನಿ ಹೇಳಿದ, ಹಳೇ ಕಟ್ಟಡಕ್ಕ ಗಿರಾಕಿ ರೊಕ್ಕ ಕೊಡಂಗಿಲ್ರಿ ಅಣ್ಣಾರ, ಜಾಗಾ ನೋಡಿ ಕೊಡ್ತಾರ ಅಂದ. ನನಗ ಸಿಟ್ಟ ಬಂತು ಖರೆ, ಆದ್ರ ಕಡೀಕ 74 ಲಕ್ಷಕ್ಕ ಆತು, ಅವ ಬರದಿದ್ದು 72ರಿಂದ 75.

ಸರ್ಕಾರದ ಗೈಡನ್ಸ್ ವ್ಯಾಲ್ಯೂ (ಏರಿಯಾಕ್ಕ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕಿಮ್ಮತ್ತು) ಅಂತ ಒಂದಿರ್ತೈತಿ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನ್ಯಾಗ ಪುಕ್ಕಟೆ ನೋಡಬಹುದು. ಅದು ಮಾರ್ಕೆಟ್ ರೇಟ್ ಅಲ್ಲ, ಅದಕ್ಕಿಂತ ಕಡಿಮಿ ತೋರಿಸಿ ಖರೀದಿ ಬರದ್ರೂ ಸ್ಟಾಂಪ್ ಡ್ಯೂಟಿ ಆ ವ್ಯಾಲ್ಯೂ ಮ್ಯಾಲೇನ ಬೀಳ್ತೈತಿ, ಅಷ್ಟಕ್ಕ ಬೇಕು.

ಇನ್ನೊಂದು, ಯಾವ ಏರಿಯಾಕ್ಕ ಯಾವ ಗಿರಾಕಿ ಅನ್ನೋದು ಅವರಿಗೆ ಗೊತ್ತಿರ್ತೈತಿ. ಧಾರವಾಡದ ಸಪ್ತಾಪುರದಾಗ ಮನಿ ಇತ್ತಂದ್ರ ಕೋಚಿಂಗಿಗೆ ಬರೋ ಹುಡುಗೂರಿಗೆ ಖೋಲಿ ಬಾಡಿಗಿ ಕೊಡಾಕ ಬರ್ತೈತೇನು ಅಂತ ನೋಡಾವ್ರು ಬರ್ತಾರ, ಸತ್ತೂರ ಕಡೆ ಆದ್ರ ದವಾಖಾನಿ ಮಂದಿ, ಮಾಳಮಡ್ಡಿಗೆ ಮಕ್ಕಳ ಸಾಲಿ ನೋಡ್ಕೊಂಡು ಬರಾವ್ರು ಬ್ಯಾರೆ, ವಿದ್ಯಾನಗರ, ಉಣಕಲ್ ಕಡೆ ಚಿಗರಿ ಬಸ್ ಸ್ಟಾಪಿಗೆ ಎಷ್ಟ್ ನಿಮಿಷ ನಡೀಬೇಕು ಅಂತ ಕೇಳಾವ್ರು ಬ್ಯಾರೆ. ಒಂದ ಮನಿನ ಯಾರಿಗೆ ತೋರಿಸ್ತೀರಿ ಅನ್ನೋದ್ರ ಮ್ಯಾಲೆ ರೇಟ್ ಬದಲಾಗ್ತೈತಿ. ಆದ್ರ ಎಲ್ಲಾ ಗಿರಾಕಿನೂ ಕೇಳೋ ಮೊದಲನೇ ಪ್ರಶ್ನೆ ಮಾತ್ರ ಒಂದ, ನೀರು ಎಷ್ಟ್ ದಿನಕ್ಕೊಮ್ಮೆ ಬರ್ತಾವ್ರಿ? ಮಲಪ್ರಭಾ ನೀರು ನಿಮ್ಮ ಓಣಿಗೆ ದಿನಾ ಬರ್ತಾವ ಅಂದ್ರ ಅದನ್ನ ಜಾಹೀರಾತಿನ್ಯಾಗ ಮೊದಲ ಸಾಲಿಗೆ ಹಾಕ್ರಿ. ವಾರಕ್ಕೊಮ್ಮೆ ಅಂದ್ರ ಬೋರ್ ಎಷ್ಟ್ ಫೂಟ್, ಸಂಪ್ ಎಷ್ಟ್ ಲೀಟರ್ ಅಂತ ಬರದು ಇಟ್ಕೊಳ್ರಿ. ಎರಡನೇ ಪ್ರಶ್ನೆ ಬಾಗಲ ಯಾವ ದಿಕ್ಕಿಗೈತಿ ಅಂತ, ಅದಕ್ಕ ನೀವು ಏನೂ ಮಾಡಾಕ ಬರಂಗಿಲ್ಲ.

ಈಗ ಕಾಗದಪತ್ರದ್ದು. ಇಲ್ಲೇ ನನಗ ಏಜೆಂಟ್ ಕಿಮ್ಮತ್ತು ಗೊತ್ತಾಗಿದ್ದು. ಅವ ಬಂದ ದಿನ ಮನಿ ನೋಡಿಲ್ಲ, ಮೊದ್ಲ ಫೈಲ್ ಕೊಡ್ರಿ ಅಂದ, ಕನ್ನಡಕ ಹಾಕ್ಕೊಂಡು ಅರ್ಧಾ ತಾಸು ಓದಿದ. ಓದಿ ಅಂದ, ಅಣ್ಣಾರ ಉತಾರದಾಗ ಬೋಜಾ ಐತಲ್ರಿ, ಅಂದ್ರ ಆಸ್ತಿ ದಾಖಲ್ಯಾಗ ಸಾಲದ ನಮೂದು ಇನ್ನೂ ಉಳದೈತಿ. ನಮ್ಮ ಅಪ್ಪ ಮನಿ ಕಟ್ಟುವಾಗ ಒಂದು ಸೊಸೈಟ್ಯಾಗ ಸಾಲ ತಗದಿದ್ರು, ತೀರಿಸಿ 20 ವರ್ಷದ ಮ್ಯಾಲಾಗಿತ್ತು, ಆದ್ರ ಸಾಲ ತೀರಿದ್ದಕ್ಕ ಬಿಡುಗಡೆ ಪತ್ರ ಮಾಡಿಸಿ ಬೋಜಾ ಕಡಿಮಿ ಮಾಡ್ಸಿದ್ದಿಲ್ಲ. ನನಗ ಎಂಟು ತಿಂಗಳು ಇದು ಕಂಡಿದ್ದಿಲ್ಲ. ಸಂಚಕಾರ (ಮುಂಗಡ ರೊಕ್ಕ ಕೊಟ್ಟು ಮಾಡೋ ಕರಾರು) ಆದ ಮ್ಯಾಲೆ ಗಿರಾಕಿ ವಕೀಲನ ಕಣ್ಣಿಗೆ ಬಿದ್ದಿದ್ರ ವ್ಯವಹಾರನ ಮುರೀತಿತ್ತು. ಆ ಸೊಸೈಟಿಗೆ ನಾಕ್ ಸಲ ಅಡ್ಡಾಡಿ, ಹಳೇ ಲೆಡ್ಜರ್ ಹುಡುಕಿಸಿ ಆ ಕೆಲಸ ಮುಗ್ಸಾಕ ಮೂರು ವಾರ ಹಿಡೀತು.

ನಿಮ್ಮ ಫೈಲಿನ್ಯಾಗ ಏನೇನ್ ಇರ್ಬೇಕು ಅಂತ ಕೇಳ್ತೀರಂದ್ರ: ಮೂಲ ಖರೀದಿ ಪತ್ರ, ಅದರ ಹಿಂದಿಂದು ಸಿಕ್ರ ಅದೂ, ಸಿಟಿ ಸರ್ವೇ ಇದ್ದ ಜಾಗಾ ಆದ್ರ ಸಿಟಿಎಸ್ ಉತಾರ, ಪಾಲಿಕೆದು ಇ-ಖಾತಾ, ಕಟ್ಟಡ ಪರವಾನಗಿ ಮತ್ತ ನಕಾಶೆ, ಈ ವರ್ಷದ ತನಕ ಆಸ್ತಿ ಕರ ತುಂಬಿದ ಪಾವತಿ, ಹೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಲೇಔಟ್ ಆಗಿದ್ರ ಎನ್ಎ ಆದೇಶ (ಹೊಲದ ಜಾಗಾ ಮನಿ ಕಟ್ಟಾಕ ಬದಲಿಸಿದ್ದು) ಮತ್ತ ಲೇಔಟ್ ನಕಾಶೆ, ಮತ್ತ ಇಸಿ (ಆಸ್ತಿ ಮ್ಯಾಲಿನ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರ). ಇ-ಖಾತಾ ಇಲ್ಲದ ಈಗ ಪಟ್ಟಣದಾಗ ರಜಿಸ್ಟ್ರೇಶನ್ನ ಆಗಂಗಿಲ್ಲ, ಅದಕ್ಕ ಅದನ್ನ ಮೊದ್ಲ ಹಿಡೀರಿ. ಇಸಿ 2004ರಿಂದ ಈಚಿಂದು ಕಾವೇರಿ 2.0 ಒಳಗ ಆನ್‌ಲೈನ್ ಸಿಗ್ತೈತಿ, ಅದರ ಹಿಂದಿಂದು ಬೇಕಂದ್ರ ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋಗಿ ಹುಡುಕಿಸಬೇಕು. ಗಿರಾಕಿ ಲೋನ್ ತಗೊಳ್ಳೋನಿದ್ರ ಬ್ಯಾಂಕಿನ ವಕೀಲರು 30 ವರ್ಷದ್ದೂ ಕೇಳಬಹುದು, ಮೊದಲ ತಗಸಿ ಇಟ್ರ ನಿಮಗ ಛಲೋ. ಹೆಸರಿಂದು ಒಂದು ಕಿರಿಕಿರಿ ಇರ್ತೈತಿ, ಉತಾರದಾಗ ಅಡ್ಡಹೆಸರು ಒಂಥರಾ, ಆಧಾರದಾಗ ಒಂಥರಾ, ಡೆತ್ ಸರ್ಟಿಫಿಕೇಟಿನ್ಯಾಗ ಮತ್ತೊಂಥರಾ, ಇದನ್ನೆಲ್ಲಾ ಗಿರಾಕಿ ಬರೋಕಿಂತ ಮುಂಚೆ ಸರಿ ಮಾಡ್ಸ್ಕೊಳ್ರಿ. ಗುಂಟಾ ಪ್ಲಾಟ್ (ಎನ್ಎ ಆಗದ ಹೊಲ ತುಂಡು ಮಾಡಿ ಮಾರಿದ ಜಾಗಾ) ಮ್ಯಾಲೆ ಕಟ್ಟಿದ ಮನಿ ಆದ್ರ ಮಾತ್ರ ಏಜೆಂಟ್‌ಗಿಂತ ಮೊದ್ಲ ವಕೀಲರ ಹತ್ರ ಹೋಗ್ರಿ.

ಅಪ್ಪ ಅವ್ವನ ಹೆಸರಿನ ಮನಿ ಆದ್ರ ವಾರಸಾ ವಿಷಯ. ಮೃತ್ಯುಪತ್ರ ಬರದಿಟ್ಟಿಲ್ಲಂದ್ರ, ಹಿಂದೂ ಕಾಯ್ದೆ ಪ್ರಕಾರ, ಅಪ್ಪನ ಸ್ವಂತ ಗಳಿಕಿ ಮನ್ಯಾಗ ಅವ್ವಗ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಎಲ್ಲಾರಿಗೂ ಸಮ ಪಾಲು, ಅಜ್ಜಿ ಇದ್ರ ಅಕಿಗೂ. ಪಿತ್ರಾರ್ಜಿತ ಆಸ್ತ್ಯಾಗೂ 2005ರ ತಿದ್ದುಪಡಿ ಆದಾಗಿಂದ ಹೆಣ್ಣುಮಕ್ಕಳಿಗೆ ಸಮ ಹಕ್ಕು. ಅಕ್ಕಗ ಮದವಿ ಮಾಡಿ ಕೊಟ್ಟೀವಿ, ಅಕಿ ಸಹಿ ಯಾಕ ಅನ್ನಾವ್ರು ಇನ್ನೂ ಅದಾರ, ಅಂಥ ಮನಿ ಯಾವ ಶಾಣ್ಯಾ ಗಿರಾಕಿನೂ ತಗೊಳ್ಳಂಗಿಲ್ಲ. ನಮ್ಮದ್ರಾಗ ಅಕ್ಕ ಗದಗಿನ್ಯಾಗ, ತಮ್ಮ ಪುಣ್ಯಾದಾಗ, ಅವ್ವ ನನ್ನ ಹತ್ರ. ತಮ್ಮ ಇನ್ನೂ ಎರಡು ವರ್ಷ ತಡೀರಿ ಅಂತಿದ್ದ, ಅಕ್ಕ ಈಗ ಮಾರ್ರಿ ಅಂತಿದ್ಲು, ನಾ ನಡು. ಏಜೆಂಟ್ ಆ ರೇಟಿನ ಹಾಳಿ ಫೋಟೋ ಹೊಡದು ಮೂವರಿಗೂ ಕಳಿಸಿ, ಮೂವರ ಜೋಡಿನೂ ಬ್ಯಾರೆ ಬ್ಯಾರೆ ಮಾತಾಡಿದ. ನಾ ಹೇಳಿದ್ರ ಏನೋ ಸ್ವಾರ್ಥ ಐತಿ ಅನಸ್ತಿತ್ತು, ಹೊರಗಿನವ ಹೇಳಿದ್ದಕ್ಕ ಎಲ್ಲಾರೂ ಒಪ್ಪಿದ್ರು. ಮಂದಿ ಇದನ್ನ ಲಾಭದ ಲೆಕ್ಕಕ್ಕ ಹಿಡ್ಯಾಂಗಿಲ್ಲ, ನನಗ ಕೇಳಿದ್ರ ಕಮಿಷನ್ನಿನ ಅರ್ಧಾ ರೊಕ್ಕ ಇದಕ್ಕ ಸಂದಂಗ.

ಚೌಕಾಸಿ ಬಗ್ಗೆ ಒಂದ್ ಕಥಿ ಹೇಳ್ತೀನಿ. ನಾ ಸ್ವತಃ ಮಾರಾಕ ಹೊಂಟಾಗ ಒಬ್ಬ ಗಿರಾಕಿ ಖರೇನ ಮನಸು ಮಾಡಿದ್ದ, 71ಕ್ಕ ಬಂದಿದ್ದ. ಬಂದಾವ ಬಚ್ಚಲ ಮನಿ ನೋಡಿ, ಇದನ್ನ ಕಟ್ಟಿದವಗ ಬುದ್ಧಿ ಇತ್ತೇನ್ರಿ ಅಂದ. ಕಟ್ಟಿಸಿದ್ದು ನಮ್ಮ ಅಪ್ಪ, ಅವ್ವ ಅಲ್ಲೇ ಬಾಗಲದಾಗ ನಿಂತಿದ್ಲು. ನಾ ಏನ್ ಅಂದ್ನೋ ಏನೋ, ಅವ ಹೊಂಟ ಹೋದ. ಗಿರಾಕಿ ಮನಿ ಹೆಸರಿಡೋದು ರೇಟ್ ಇಳಸಾಕ ಅಂತ ನನಗೂ ಗೊತ್ತು, ಆದ್ರ ನಾವು ಹುಟ್ಟಿ ಬೆಳದ ಮನಿ ಅಂದ್ಮ್ಯಾಲೆ ತಡ್ಯಾಕ ಆಗಂಗಿಲ್ಲ. ಏಜೆಂಟ್ ಬಂದ ಮ್ಯಾಲೆ ಮೊದಲನೇ ರೂಲ್ಸ್ ಅದ ಮಾಡಿದ, ಗಿರಾಕಿ ಬರೋ ಹೊತ್ನ್ಯಾಗ ನೀವು ಅವ್ವಾರನ ಕರ್ಕೊಂಡು ಸಿದ್ಧಾರೂಢ ಮಠಕ್ಕ ಹೋಗಿ ಬರ್ರಿ ಅಂದ. ಆ ಹತ್ತು ವಾರದಾಗ ನಾವು ಮಠಕ್ಕ ಹೋದಷ್ಟು ಹಿಂದಿನ ಹತ್ತು ವರ್ಷದಾಗ ಹೋಗಿದ್ದಿಲ್ಲ.

ಹಂಗ ಗಿರಾಕಿ ಕಡಿಂದ ಒಂದ್ ಲೆಕ್ಕ ತಿಳ್ಕೊಂಡಿರ್ರಿ. ಕರ್ನಾಟಕದಾಗ ಮನಿ ಖರೀದಿಗೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮ್ಯಾಲೆ ಸೆಸ್ ಸರ್ಚಾರ್ಜ್ ಕೂಡಿ ಪಟ್ಟಣದಾಗ 5.6, ರಜಿಸ್ಟ್ರೇಶನ್ ಫೀ ಮೊದ್ಲ 1 ಇತ್ತು, 2025ರ ಆಗಸ್ಟ್ 31ರಿಂದ 2 ಆತು, ಒಟ್ಟ 7.6. ಅಂದ್ರ 74 ಲಕ್ಷದ ಮನಿಗೆ ಅವನ ಕಿಸೇದಿಂದ ಇನ್ನೂ ಹತ್ರ ಹತ್ರ 5 ಲಕ್ಷ 62 ಸಾವಿರ ಬ್ಯಾರೆ ಹೋಗ್ತೈತಿ. ಅದಕ್ಕ ಅವ ನಿಮ್ಮ ಹತ್ರ ಜಗ್ಗಾಡ್ತಾನ. ಛಲೋ ಏಜೆಂಟ್ ಇದನ್ನ ಮೊದಲ ದಿನಾನ ಗಿರಾಕಿಗೆ ಹೇಳಿ, ನಿಮ್ಮ ಒಟ್ಟ ಬಜೆಟ್ ಎಷ್ಟ್, ಲೋನ್ ಎಷ್ಟ್ ಸಿಗ್ತೈತಿ ಅಂತ ಕೇಳಿ ಆಮ್ಯಾಲೆ ಮನಿ ತೋರಿಸ್ತಾನ. ಕೇಳದ ಬಂದವ್ರಿಗೆಲ್ಲಾ ತೋರಸಾವ ಇದ್ರ ಅವನ್ನ ಬಿಡ್ರಿ.

ಹಂಗಾದ್ರ ಛಲೋ ಏಜೆಂಟ್‌ನ ಹ್ಯಾಂಗ ಹಿಡ್ಯೋದು? ಬೋರ್ಡ್ ನೋಡಿ ಅಲ್ಲ, ಪೇಪರಿನ ಜಾಹೀರಾತು ನೋಡಿ ಅಲ್ಲ. ಸಬ್ ರಜಿಸ್ಟ್ರಾರ್ ಆಫೀಸ್ ಹೊರಗ ಕುಂದ್ರೋ ಬಾಂಡ್ ರೈಟರ್‌ನ ಕೇಳ್ರಿ, ನಿಮ್ಮ ವಕೀಲರನ್ನ ಕೇಳ್ರಿ. ಈ ಏರಿಯಾದ ಖರೀದಿಗೆ ಪದೇ ಪದೇ ಯಾರು ಬರ್ತಾರ, ಯಾರ ವ್ಯವಹಾರ ಜಗಳ ಇಲ್ಲದ ಮುಗೀತಾವ ಅಂತ ಇವರಿಗೆ ಗೊತ್ತಿದ್ದಷ್ಟು ಮತ್ಯಾರಿಗೂ ಗೊತ್ತಿರಂಗಿಲ್ಲ. ಆಮ್ಯಾಲೆ ಇಬ್ಬರು ಮೂವರನ್ನ ಮನಿಗೆ ಕರೀರಿ, ಒಂದ ಪ್ರಶ್ನೆ ಕೇಳ್ರಿ, ಹಿಂದಿನ ವರ್ಷ ಈ ಓಣಿ ಆಜೂಬಾಜೂದಾಗ ನೀವು ಮಾರಿಸಿದ ಮನಿ ಯಾವು? ಮಾರಿದವ್ರ ಹತ್ರ ಮಾತಾಡಸ್ತೀರಾ? ಹೌದು ಅನ್ನಾವ ಇರ್ಲಿ. ಎಲ್ಲಾರಿಗಿಂತ ಹೆಚ್ಚು ರೇಟ್ ಹೇಳಿದವನ್ನ ಆರಸಬ್ಯಾಡ್ರಿ, ನಿಮಗ ಖುಷಿ ಮಾಡಾಕ ಹೇಳ್ತಾನ, ಎರಡು ತಿಂಗಳ ಬಿಟ್ಟು ಮಾರ್ಕೆಟ್ ಡಲ್ ಐತ್ರಿ ಸಾಹೇಬ್ರ ಅಂತ 15 ಲಕ್ಷ ಇಳಸ್ತಾನ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಬಗ್ಗೆ ಎಲ್ಲಾರೂ ಕೇಳ್ತಾರ. 2016ರ ಕಾಯ್ದೆ ಪ್ರಕಾರ ರೇರಾದಾಗ ನೋಂದಣಿ ಆದ ಪ್ರಾಜೆಕ್ಟಿನ ಪ್ಲಾಟ್, ಫ್ಲ್ಯಾಟ್ ಮಾರಸಾವ ಏಜೆಂಟ್ ನೋಂದಣಿ ಮಾಡಿಸ್ಲೇಬೇಕು. ನಮ್ಮಂಥವ್ರ ಹಳೇ ಒಂಟಿ ಮನಿ ಆ ಲೆಕ್ಕದಾಗ ಬರಂಗಿಲ್ಲ. ಆದ್ರೂ ನಂಬರ್ ಇದ್ದವ ಇದ್ರ ಛಲೋ, ಕರ್ನಾಟಕ ರೇರಾ ವೆಬ್‌ಸೈಟಿನ್ಯಾಗ ಅವನ ಹೆಸರು, ನಂಬರ್ ಹಾಕಿ ನೋಡಬಹುದು, ನಾಳೆ ತಪ್ಪಿಸಿಕೊಂಡು ಹೋಗಾಕ ಅವಗ ಅಷ್ಟು ಹಗುರ ಆಗಂಗಿಲ್ಲ.

ಕಮಿಷನ್ ನಮ್ಮ ಕಡೆ ಸಾಮಾನ್ಯ 1ರಿಂದ 2 ಪರ್ಸೆಂಟ್, ಮಾತಾಡಿದ್ರ ಇಳೀತೈತಿ. ಎರಡೂ ಕಡಿಂದ ತಗೊಳ್ಳೋದು ರೂಢಿ, ಅದನ್ನ ಮೊದ್ಲ ಬಾಯಿಬಿಟ್ಟು ಕೇಳ್ರಿ, ಅವ ಗಿರಾಕಿ ಕಡೀಂದ ಎಷ್ಟ್ ತಗೋತಾನ ಅನ್ನೋದು ನಿಮಗ ಗೊತ್ತಿರ್ಲಿ. ಜಿಎಸ್‌ಟಿ ನೋಂದಣಿ ಇದ್ದವ ಆದ್ರ ಕಮಿಷನ್ ಮ್ಯಾಲೆ 18 ಪರ್ಸೆಂಟ್ ಕೂಡತೈತಿ, 74 ಲಕ್ಷಕ್ಕ 1 ಪರ್ಸೆಂಟ್ ಅಂದ್ರ 74,000, ಜಿಎಸ್‌ಟಿ ಕೂಡಿ 87,320. ಇದನ್ನೆಲ್ಲಾ ಒಂದ್ ಹಾಳಿ ಮ್ಯಾಲೆ ಬರದು ಇಬ್ರೂ ಸಹಿ ಮಾಡ್ರಿ: ಕಮಿಷನ್ ಎಷ್ಟು, ಯಾವಾಗ, ಎಷ್ಟು ತಿಂಗಳು ಅವಗ ಅವಕಾಶ. ನಾ ಮೂರು ತಿಂಗಳು ಕೊಟ್ಟಿದ್ದೆ, ಸಂಚಕಾರದ ದಿನ ಕಾಲು ಭಾಗ, ಖರೀದಿ ರಜಿಸ್ಟರ್ ಆದ ದಿನ ಉಳದಿದ್ದು. ಪೂರ್ತಿ ರೊಕ್ಕ ಮೊದ್ಲ ಕೇಳಾವನ್ನ ಬಾಗಲದಾಗಿಂದನ ಹೊಳ್ಳಿ ಕಳಸ್ರಿ.

ಒಂದು ಜಾತಿ ಏಜೆಂಟ್ ಅದಾನ, ನಿಮಗ 70 ಲಕ್ಷ ಕೈಗೆ ಕೊಡ್ತೀನ್ರಿ, ಮ್ಯಾಲ ಬಂದಿದ್ದು ನಂದು, ಕಮಿಷನ್ ಬ್ಯಾಡ ಅಂತಾನ. ಕೇಳಾಕ ಭಾಳ ಸಿಹಿ. ಆಮ್ಯಾಲೆ ಗಿರಾಕಿಗೂ ನಿಮಗೂ ಭೆಟ್ಟಿ ಆಗಾಕ ಬಿಡಂಗಿಲ್ಲ, 78ಕ್ಕ ಮಾರಿ 8 ಲಕ್ಷ ತಾ ಇಟ್ಕೊತಾನ, ಅದನ್ನೂ ನಗದ ಕೇಳ್ತಾನ. ಇದಕ್ಕ ಸುತ್ರಾಂ ಒಪ್ಪಬ್ಯಾಡ್ರಿ. ಅದರಂಗ ನನ್ನ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ಸಹಿ ಮಾಡೋ ಅಧಿಕಾರ ಪತ್ರ) ಮಾಡಿಕೊಡ್ರಿ, ನೀವು ಅಡ್ಡಾಡೋದು ತಪ್ಪತೈತಿ ಅಂದ್ರೂ ಬ್ಯಾಡ. ಜಿಪಿಎ ಮ್ಯಾಲೆ ಮಾರಾಟ ಮಾಡಿದ್ರ ಮಾಲ್ಕಿ ಹೋಗಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಾಗ ಹೇಳೈತಿ ಖರೆ, ಆದ್ರ ನೀವು ಕೊಟ್ಟ ಜಿಪಿಎ ಹಿಡ್ಕೊಂಡು ಅವ ನಿಮ್ಮ ಪರವಾಗಿ ಖರೀದಿ ಪತ್ರಾನ ಬರಕೊಡಬಹುದು. ಮೂಲ ಕಾಗದ ಯಾರ ಕೈಗೂ ಕೊಡಬ್ಯಾಡ್ರಿ, ಝರಾಕ್ಸ್ ಕೊಡ್ರಿ, ಆ ಝರಾಕ್ಸ್ ಮ್ಯಾಲೂ ಮಾರಾಟದ ವಿಚಾರಣೆಗೆ ಮಾತ್ರ ಅಂತ ಅಡ್ಡ ಬರದು ಸಹಿ ಹಾಕ್ರಿ.

ಅರ್ಧಾ ವೈಟ್, ಅರ್ಧಾ ಬ್ಲ್ಯಾಕ್ ಅನ್ನೋ ಮಾತು ಬಂದ ಬರ್ತೈತಿ. ಸ್ಥಿರ ಆಸ್ತಿ ವ್ಯವಹಾರದಾಗ 20,000 ಮತ್ತ ಅದರ ಮ್ಯಾಲಿನ ರೊಕ್ಕ ನಗದ ಇಸ್ಕೊಳ್ಳಾಕ ಬರಂಗಿಲ್ಲ, ಇಸ್ಕೊಂಡ್ರ ಅಷ್ಟ ರೊಕ್ಕ ದಂಡ. ಸಂಚಕಾರದ ರೊಕ್ಕಾನೂ ಅದರಾಗ ಬಂತು. ಏಜೆಂಟ್ ಏನೂ ಆಗಂಗಿಲ್ರಿ ಅಂತಾನ, ನೋಟಿಸ್ ಬರೋದು ನಿಮಗ.

ಮನಿ ಕಿಮ್ಮತ್ತು 50 ಲಕ್ಷ ಮುಟ್ಟಿದ್ರ ಗಿರಾಕಿ 1 ಪರ್ಸೆಂಟ್ ಟಿಡಿಎಸ್ (ಮೊದ್ಲ ಮುರದು ಸರ್ಕಾರಕ್ಕ ತುಂಬೋ ಟ್ಯಾಕ್ಸ್) ಮುರಕೊಂಡು ಉಳದಿದ್ದು ಕೊಡ್ತಾನ. ಗಾಬರಿ ಆಗಬ್ಯಾಡ್ರಿ, ಅದು ನಿಮ್ಮ ಪ್ಯಾನಿಗೆ ಜಮಾ ಆಗಿ ರಿಟರ್ನ್ ತುಂಬುವಾಗ ಲೆಕ್ಕಕ್ಕ ಬರ್ತೈತಿ. ಆದ್ರ ಪ್ಯಾನ್ ಆಧಾರ ಲಿಂಕ್ ಆಗಿಲ್ಲಂದ್ರ 1ರ ಬದ್ಲಿ 20 ಹೋಗ್ತೈತಿ, ಅವ್ವನಂಥ ಹಿರ್ಯಾರದು ಮೊದ್ಲ ನೋಡ್ರಿ, ನಮ್ಮದ್ರಾಗ ಅವ್ವಂದ ಲಿಂಕ್ ಇರ್ಲಿಲ್ಲ. ಪಾಲುದಾರರಾಗ ಯಾರರ ಅಮೆರಿಕಾ, ದುಬೈದಾಗ ಇದ್ರ ಅವರ ಪಾಲಿನ ಟಿಡಿಎಸ್ ಲೆಕ್ಕನ ಬ್ಯಾರೆ, ಭಾಳ ಹೆಚ್ಚು, ಸಂಚಕಾರಕ್ಕಿಂತ ಮೊದ್ಲ ಸಿಎ ಹತ್ರ ಹೋಗ್ರಿ. ಮತ್ತ ಒಂದು, ಏಜೆಂಟ್‌ಗೆ ಕೊಟ್ಟ ಕಮಿಷನ್ ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭದ ಮ್ಯಾಲಿನ ಟ್ಯಾಕ್ಸ್) ಲೆಕ್ಕದಾಗ ಮಾರಾಟದ ಖರ್ಚು ಅಂತ ಕಳೀಬಹುದು, ಅದಕ್ಕ ಚೆಕ್ ಅಥವಾ ಆನ್‌ಲೈನ್ ಕೊಟ್ಟು ರಸೀದಿ ಇಸ್ಕೊಳ್ರಿ. ಆ ರೊಕ್ಕದಾಗ ಮತ್ತೊಂದು ಮನಿ ತಗೊಳ್ಳಾವ್ರಿದ್ರ ಎರಡು ವರ್ಷದೊಳಗ ತಗೋಬೇಕು, ಕಟ್ಟಿಸಾವ್ರಿದ್ರ ಮೂರು ವರ್ಷ, ಆಗ ಟ್ಯಾಕ್ಸ್ ಉಳೀತೈತಿ.

ಟೈಮ್ ನೋಡ್ಕೊಂಡು ಹೊರಡ್ರಿ. ಆಷಾಢದಾಗ, ಪಿತೃಪಕ್ಷದಾಗ ಮನಿ ನೋಡಾಕ ಯಾರೂ ಬರಂಗಿಲ್ಲ, ಯುಗಾದಿಂದ ಅಕ್ಷಯ ತದಿಗಿ ತನಕ, ಮತ್ತ ದಸರಾ ದೀಪಾವಳಿ ನಡುವ ಓಡಾಟ ಇರ್ತೈತಿ. ಬಿಡುವಿನ ತಿಂಗಳಾಗ ಕಾಗದಪತ್ರ, ಸುಣ್ಣಬಣ್ಣ ಮುಗಿಸ್ರಿ. ಬಣ್ಣ ಅಂದ್ರ ಪೂರ್ತಿ ಬ್ಯಾಡ, ಪಡಸಾಲಿ ಮತ್ತ ಹೊರಗಿನ ಗ್ವಾಡಿ ಸಾಕು.

ಎಲ್ಲಾರಿಗೂ ಏಜೆಂಟ್ ಬೇಕಂತೇನಿಲ್ಲ. ಬಾಜೂ ಮನಿಯವ್ರ ತಗೋತೀವಿ ಅಂದ್ರ, ಬಾಡಿಗಿ ಇದ್ದವ್ರ ಕೇಳಿದ್ರ, ಅಣ್ಣತಮ್ಮರಾಗ ಒಬ್ಬರು ಇಟ್ಕೊಂಡು ಉಳದವ್ರಿಗೆ ರೊಕ್ಕ ಕೊಡೋದಿದ್ರ, ಒಬ್ಬ ವಕೀಲರು ಸಾಕು.

ರಜಿಸ್ಟ್ರೇಶನ್ ದಿನದ್ದು ಹೇಳಿ ಮುಗಿಸ್ತೀನಿ. ಕಾವೇರಿ 2.0ದಾಗ ಮೊದ್ಲ ಕಾಗದ ಅಪ್ಲೋಡ್ ಮಾಡಿ, ಫೀ ತುಂಬಿ, ಸ್ಲಾಟ್ ತಗೊಂಡು ಹೋಗಬೇಕು, ಏಜೆಂಟ್ ಅದನ್ನೆಲ್ಲಾ ಮಾಡಸ್ತಾನ. ಆಧಾರ, ಪ್ಯಾನ್, ಫೋಟೋ, ಇಬ್ಬರು ಸಾಕ್ಷಿ. ಖರೀದಿ ಪತ್ರದ ಕರಡು ಹಿಂದಿನ ದಿನಾನ ಇಸ್ಕೊಂಡು ಚಕ್‌ಬಂದಿ (ನಾಕೂ ದಿಕ್ಕಿನ ಹದ್ದು), ಅಳತಿ, ಹೆಸರು ನೀವ ಓದ್ರಿ. ಡಿಡಿ ಕೈಗೆ ಬರೋ ತನಕ ಇಲ್ಲಾ ಆರ್‌ಟಿಜಿಎಸ್ ಅಕೌಂಟಿಗೆ ಬಿದ್ದ ಮೆಸೇಜ್ ನೋಡೋ ತನಕ ಹೆಬ್ಬಟ್ಟ ಒತ್ತಬ್ಯಾಡ್ರಿ, ಸಹಿನೂ ಮಾಡಬ್ಯಾಡ್ರಿ. ಗಿರಾಕಿದು ಲೋನ್ ಇದ್ರ ಬ್ಯಾಂಕಿನವ್ರು ಡಿಡಿ ಹಿಡಕೊಂಡು ಅಲ್ಲೇ ಬಂದಿರ್ತಾರ. ಮನಿಗೆ ಬಂದು ಹೆಸ್ಕಾಂ ಮೀಟರ್ ರೀಡಿಂಗ್ ಫೋಟೋ ಹೊಡಕೊಂಡು, ಹೆಸರು ಬದಲಿಗೆ ಗಿರಾಕಿ ಹಾಕೋ ಅರ್ಜಿಗೆ ಸಹಿ ಹಾಕಿಕೊಟ್ಟು ಆಮ್ಯಾಲೆ ಕೀಲಿ ಕೈ ಕೊಡ್ರಿ. ನಾವು ಮೀಟರ್ ಫೋಟೋ ಮರತಿದ್ವಿ, ಮುಂದಿನ ತಿಂಗಳ ಬಿಲ್ಲಿನ 640 ರೂಪಾಯಿ ಸಲುವಾಗಿ ಆ ಏಜೆಂಟ್ ಎರಡೂ ಕಡೆ ಫೋನ್ ಮಾಡಿ ಮಾಡಿ ಕಡೀಕ ತಾನ ತುಂಬಿದ.